ಐದು ಮಕ್ಕಳು, ಒಂದು ಫೋನು, ಒಂದು ನಿಮಿಷದ ಚಿತ್ರ: ತರಗತಿಯಲ್ಲಿ ವಿಡಿಯೊ ಆ್ಯಪ್‌ಗಳನ್ನು ಬಳಸುವ ಬಗೆ

ಶಾಲೆಯಲ್ಲಿ ವಿಡಿಯೊ ಎಂದರೆ ಶಿಕ್ಷಕರು ಸಿದ್ಧಪಡಿಸಿ ಮಕ್ಕಳಿಗೆ ತೋರಿಸುವ ಪಾಠ ಎಂಬ ಭಾವನೆ ಕೋವಿಡ್ ವರ್ಷಗಳಲ್ಲಿ ಗಟ್ಟಿಯಾಯಿತು. ಅಂಥ ವಿಡಿಯೊಗಳಿಂದ ಪ್ರಯೋಜನವಿಲ್ಲವೆಂದಲ್ಲ. ಆದರೆ ಅಲ್ಲಿ ಏನನ್ನು ತೋರಿಸಬೇಕು, ಯಾವುದನ್ನು ಬಿಡಬೇಕು, ಯಾವ ಮಾತಿನಿಂದ ಆರಂಭಿಸಬೇಕು ಎಂಬ ನಿರ್ಧಾರಗಳೆಲ್ಲ ಶಿಕ್ಷಕರವು, ಮಕ್ಕಳ ಪಾಲಿಗೆ ಉಳಿಯುವುದು ನೋಡುವ ಕೆಲಸ ಮಾತ್ರ. ಆ ನಿರ್ಧಾರಗಳು ಮಕ್ಕಳ ಕೈಗೆ ಬಂದಾಗಲೇ ಅವರ ಸೃಜನಶೀಲತೆಗೆ ಕೆಲಸ ಸಿಗುತ್ತದೆ. ಆ್ಯಪ್ ಯಾವುದಾದರೂ ಇರಲಿ, ಶಿಕ್ಷಕರು ಮೊದಲು ಯೋಚಿಸಬೇಕಾದದ್ದು ಈ ನಿರ್ಧಾರಗಳನ್ನು ಮಕ್ಕಳಿಗಾಗಿ ಹೇಗೆ ಕಾಯ್ದಿಡುವುದು ಎಂಬುದನ್ನು.

ಈ ಬರಹ 6ರಿಂದ 9ನೇ ತರಗತಿಯವರೆಗಿನ ಮಕ್ಕಳಿಗೆ ಪಾಠ ಮಾಡುವ, ಕೈಯಲ್ಲಿ ಒಂದೋ ಎರಡೋ ಸಾಧಾರಣ ಆಂಡ್ರಾಯ್ಡ್ ಫೋನುಗಳಷ್ಟೇ ಇರುವ ಶಿಕ್ಷಕರನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ವಿವರಿಸಲು ಅನುಕೂಲವಾಗಲೆಂದು ಬಯಲುಸೀಮೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯ ಏಳನೇ ತರಗತಿಯ ಮಕ್ಕಳು ತಮ್ಮೂರ ಕೆರೆಯ ಬಗ್ಗೆ ಒಂದು ನಿಮಿಷದ ಚಿತ್ರ ಮಾಡುತ್ತಾರೆಂದು ಇಟ್ಟುಕೊಳ್ಳೋಣ. ಸಮಾಜ ವಿಜ್ಞಾನ, ವಿಜ್ಞಾನ, ಕನ್ನಡ ಮೂರೂ ಇದರಲ್ಲಿ ಸೇರುತ್ತವೆ.

ವಿಷಯವಲ್ಲ, ಪ್ರಶ್ನೆ

"ನಮ್ಮೂರ ಕೆರೆಯ ಬಗ್ಗೆ ವಿಡಿಯೊ ಮಾಡಿ" ಎಂದು ಹೇಳಿದರೆ ಮಕ್ಕಳು ಪ್ರಬಂಧ ಬರೆಯುವ ಕ್ರಮದಲ್ಲೇ ಯೋಚಿಸುತ್ತಾರೆ: ನೀರು ಜೀವಾಮೃತ, ಕೆರೆಗಳನ್ನು ಉಳಿಸಬೇಕು, ವಂದನೆಗಳು. ಇದರಲ್ಲಿ ಅವರು ಕಂಡದ್ದು ಏನೂ ಇರುವುದಿಲ್ಲ. ವಿಷಯದ ಬದಲು ಪ್ರಶ್ನೆಯೊಂದನ್ನು ಕೊಟ್ಟು ನೋಡಿ. ಕೆರೆ ತುಂಬಿ ಕೋಡಿ ಬಿದ್ದಾಗ ಹೊರಹರಿಯುವ ನೀರು ಎಲ್ಲಿಗೆ ಹೋಗುತ್ತದೆ? ಕೆರೆಯ ನೀರನ್ನು ಹೊಲಗದ್ದೆಗೆ ಬಿಡುವ ತೂಬನ್ನು ತೆಗೆಯುವವರು ಯಾರು, ಯಾವಾಗ ತೆಗೆಯಬೇಕೆಂದು ಅವರಿಗೆ ಹೇಗೆ ಗೊತ್ತಾಗುತ್ತದೆ? ನಮ್ಮೂರಿನಲ್ಲಿ ಕೆರೆಯ ನೀರನ್ನು ಹಂಚುವ ನೀರುಗಂಟಿ ಎಂಬವರು ಇದ್ದರೇ, ಈಗ ಆ ಕೆಲಸವನ್ನು ಯಾರು ಮಾಡುತ್ತಾರೆ? ಏರಿಯ ಮೇಲಿನ ಮರಗಳನ್ನು ಯಾರು ನೆಟ್ಟರು? ಇವುಗಳಿಗೆ ಪಠ್ಯಪುಸ್ತಕದಲ್ಲಿ ಉತ್ತರವಿಲ್ಲದ ಕಾರಣ ಮಕ್ಕಳು ಹೊರಗೆ ಹೋಗಿ ನೋಡಲೇಬೇಕು, ಹಿರಿಯರನ್ನು ಕೇಳಲೇಬೇಕು. ಪ್ರಶ್ನೆಗಳ ಪಟ್ಟಿಯನ್ನೂ ಮಕ್ಕಳಿಂದಲೇ ಹುಟ್ಟಿಸುವುದು ಉತ್ತಮ. ಶಿಕ್ಷಕರು ಒಂದೆರಡನ್ನು ಕಪ್ಪುಹಲಗೆಯ ಮೇಲೆ ಬರೆದು ನಿಲ್ಲಿಸಿದರೆ ಸಾಕು, ಉಳಿದವು ಬರುತ್ತವೆ.

ಊರು ಬೇರೆಯಾದರೆ ಪ್ರಶ್ನೆಯೂ ಬೇರೆಯಾಗುತ್ತದೆ. ಕರಾವಳಿಯ ಶಾಲೆಗೆ ತೋಡಿಗೆ ಅಡ್ಡವಾಗಿ ಹಾಕುವ ಕಟ್ಟ, ಕಾಸರಗೋಡಿನ ಕಡೆಯ ಕನ್ನಡ ಶಾಲೆಗೆ ಗುಡ್ಡ ಕೊರೆದು ನೀರು ತರುವ ಸುರಂಗ, ವಿಜಯಪುರದ ಶಾಲೆಗೆ ತಾಜ್ ಬಾವಡಿ, ಬೆಂಗಳೂರಿನ ಶಾಲೆಗೆ ಪಕ್ಕದಲ್ಲೇ ಹರಿಯುವ ರಾಜಕಾಲುವೆ ಇವೆ. ನಡೆದು ಹೋಗಿ ನೋಡಬಹುದಾದಷ್ಟು ಹತ್ತಿರದ್ದಾಗಿರಬೇಕು ಎಂಬುದೊಂದೇ ನಿಯಮ.

ಫೋನು, ಒಪ್ಪಿಗೆ, ಸಮಯ

ಚಿತ್ರೀಕರಣಕ್ಕೆ ಮೊದಲೇ ಮುಗಿಸಬೇಕಾದ ಕೆಲಸಗಳಲ್ಲಿ ಪೋಷಕರ ಒಪ್ಪಿಗೆ ಮುಖ್ಯವಾದದ್ದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದ ಎಲ್ಲರನ್ನೂ ಮಕ್ಕಳೆಂದೇ ಪರಿಗಣಿಸುತ್ತದೆ ಮತ್ತು ಅವರ ಮಾಹಿತಿಯ ವಿಷಯದಲ್ಲಿ ಪೋಷಕರ ಒಪ್ಪಿಗೆಗೆ ಒತ್ತು ಕೊಡುತ್ತದೆ. ಕಾನೂನಿನ ಮಾತನ್ನು ಬದಿಗಿಟ್ಟರೂ, ತಮ್ಮ ಮಗುವಿನ ಮುಖ ಯಾರ ಫೋನಿನಲ್ಲಿದೆ, ಎಲ್ಲಿಯವರೆಗೆ ಇರುತ್ತದೆ ಎಂಬುದು ತಂದೆತಾಯಿಗೆ ಗೊತ್ತಿರಬೇಕಾದದ್ದು ನ್ಯಾಯ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ವಿಷಯವನ್ನು ತಿಳಿಸಿ, ಸರಳ ಕನ್ನಡದ ಒಂದು ಚೀಟಿಯನ್ನು ಮನೆಗೆ ಕಳುಹಿಸಿ. ಅದರಲ್ಲಿ ಮೂರು ಆಯ್ಕೆಗಳಿರಲಿ: ಮುಖ ಕಾಣಬಹುದು, ಧ್ವನಿ ಮತ್ತು ಕೈಗಳು ಮಾತ್ರ ಇರಬಹುದು, ಎರಡೂ ಬೇಡ. ಎರಡೂ ಬೇಡವೆಂದ ಮನೆಯ ಮಗು ಚಿತ್ರಕಥೆ ಬರೆಯಬಹುದು, ಮಣ್ಣಿನ ಬೊಂಬೆ ಮಾಡಬಹುದು, ಎಡಿಟಿಂಗ್ ಮಾಡಬಹುದು. ಇಡೀ ತರಗತಿಯೇ ಯಾರ ಮುಖವನ್ನೂ ತೋರಿಸದೆ ಚಿತ್ರ ಮಾಡಬೇಕೆಂದು ತೀರ್ಮಾನಿಸಿದರೆ ಇನ್ನೂ ಒಳ್ಳೆಯದು. ಕ್ಯಾಮೆರಾ ಮುಂದೆ ನಿಂತು ಭಾಷಣ ಒಪ್ಪಿಸುವ ದಾರಿ ಆಗ ಮುಚ್ಚಿಹೋಗುತ್ತದೆ. ಮಕ್ಕಳು ಕೈ, ನೆರಳು, ಹೆಜ್ಜೆ, ವಸ್ತು, ಬೊಂಬೆಗಳ ಮೂಲಕ ಹೇಳುವ ದಾರಿಯನ್ನು ಹುಡುಕಲೇಬೇಕಾಗುತ್ತದೆ.

ಶಿಕ್ಷಕರ ಸ್ವಂತ ಫೋನನ್ನು ಮಕ್ಕಳ ಕೈಗೆ ಕೊಡುವಾಗ ಅದರಲ್ಲಿರುವ ಬ್ಯಾಂಕ್ ಆ್ಯಪ್, ಖಾಸಗಿ ಫೋಟೊ, ಸಂದೇಶಗಳ ಬಗ್ಗೆ ಎಚ್ಚರ ಬೇಕು. ಆಂಡ್ರಾಯ್ಡ್‌ನ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ ಪಿನ್ನಿಂಗ್ ಎಂಬ ಸೌಲಭ್ಯವಿದೆ. ಅದನ್ನೂ, ಹೊರಬರುವಾಗ ಪಿನ್ ಕೇಳುವ ಆಯ್ಕೆಯನ್ನೂ ಆನ್ ಮಾಡಿ ಬೇಕಾದ ಆ್ಯಪ್ ಅನ್ನು ಪಿನ್ ಮಾಡಿದರೆ, ಫೋನಿನ ಪಿನ್ ಅಥವಾ ಪಾಸ್‌ವರ್ಡ್ ಇಲ್ಲದೆ ಆ ಒಂದು ಆ್ಯಪ್‌ನಿಂದ ಹೊರಬರಲು ಆಗುವುದಿಲ್ಲ. ಮನೆಯ ಮೂಲೆಯಲ್ಲಿ ಬಿದ್ದಿರುವ ಸಿಮ್ ಇಲ್ಲದ ಹಳೆಯ ಫೋನು ಇದ್ದರೆ ಅದೇ ಉತ್ತಮ, ಏಕೆಂದರೆ ಆ್ಯಪ್ ಒಮ್ಮೆ ಇಳಿಸಿಕೊಂಡ ಮೇಲೆ ಚಿತ್ರೀಕರಣಕ್ಕಾಗಲಿ ಸಾಧಾರಣ ಎಡಿಟಿಂಗ್‌ಗಾಗಲಿ ಇಂಟರ್‌ನೆಟ್ ಬೇಕಿಲ್ಲ. ಪೂರ್ಣ ಎಚ್‌ಡಿಯಲ್ಲಿ, ಅಂದರೆ 1080ಪಿಯಲ್ಲಿ ತೆಗೆದ ಒಂದು ನಿಮಿಷದ ವಿಡಿಯೊ ಹಲವು ಫೋನುಗಳಲ್ಲಿ 100 ಎಂಬಿಗೂ ಹೆಚ್ಚು ಜಾಗ ಹಿಡಿಯುತ್ತದೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ 720ಪಿಗೆ ಇಳಿಸಿದರೆ ಜಾಗವೂ ಉಳಿಯುತ್ತದೆ, ಹಳೆಯ ಫೋನು ಎಡಿಟಿಂಗ್ ವೇಳೆ ತಡವರಿಸುವುದೂ ಕಡಿಮೆಯಾಗುತ್ತದೆ. ಶಾಲೆಯ ಗೋಡೆಯ ಮೇಲೆ ತೋರಿಸಲು ಅಷ್ಟು ಸಾಕು.

ವಾರಕ್ಕೆ ಎರಡು ಅವಧಿಗಳಂತೆ ನಾಲ್ಕು ವಾರ ಇಟ್ಟುಕೊಳ್ಳಿ, ಜೊತೆಗೆ ಹೊರಗಿನ ಚಿತ್ರೀಕರಣಕ್ಕೆ ಒಂದು ಶನಿವಾರ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯವರಿಗೆ ಹತ್ತು ದಿನಗಳ ಬ್ಯಾಗ್‌ರಹಿತ ಅವಧಿಯನ್ನು ಸೂಚಿಸಿದೆ. ಮುಖ್ಯ ಶಿಕ್ಷಕರ ಒಪ್ಪಿಗೆ ಪಡೆಯುವಾಗ ಈ ಮಾತು ನೆರವಿಗೆ ಬರುತ್ತದೆ. ಕೆರೆಯ ಬಳಿ ಹೋಗುವ ದಿನ ಪ್ರತಿ ಗುಂಪಿನೊಂದಿಗೆ ಒಬ್ಬ ದೊಡ್ಡವರು ಇರಲೇಬೇಕು. ಕ್ಯಾಮೆರಾ ಹಿಡಿದ ಮಗು ಪರದೆಯನ್ನು ನೋಡುತ್ತಲೇ ಹಿಂದಕ್ಕೆ ಹೆಜ್ಜೆ ಇಡುತ್ತದೆ ಎಂಬುದನ್ನು ಮರೆಯಬಾರದು. ಏರಿಯ ಅಂಚು, ತೂಬಿನ ಬಾಯಿ, ಕೋಡಿಯ ಕಲ್ಲುಗಳ ಮೇಲೆ ನಿಂತು ಚಿತ್ರೀಕರಿಸುವುದು ಬೇಡ ಎಂದು ಹೊರಡುವ ಮೊದಲೇ ಹೇಳಿ.

ಮೂವತ್ತು ಮಕ್ಕಳಿಗೆ ಎರಡೇ ಫೋನುಗಳಿದ್ದರೆ ಏನು ಮಾಡುವುದೆಂದು ಬಹಳ ಶಿಕ್ಷಕರು ಕೇಳುತ್ತಾರೆ. ಎಲ್ಲ ಗುಂಪುಗಳೂ ಒಂದೇ ಹಂತದಲ್ಲಿ ಇರಬೇಕಾಗಿಲ್ಲ. ಐದೈದು ಮಕ್ಕಳ ಆರು ಗುಂಪುಗಳಲ್ಲಿ ಎರಡು ಚಿತ್ರೀಕರಿಸುತ್ತಿರುವಾಗ ಇನ್ನೆರಡು ಮಣ್ಣಿನ ಬೊಂಬೆ ಮಾಡುತ್ತಿರಲಿ, ಉಳಿದೆರಡು ನಿರೂಪಣೆಯ ಮಾತುಗಳನ್ನು ತಿದ್ದುತ್ತಿರಲಿ. ಗುಂಪಿನೊಳಗೂ ಕೆಲಸಗಳು ಸುತ್ತುತ್ತಿರಬೇಕು. ಬಿಟ್ಟರೆ ಹುಡುಗರು ಕ್ಯಾಮೆರಾ ಹಿಡಿಯುತ್ತಾರೆ, ಹುಡುಗಿಯರು ಬರೆಯುವುದು ಮತ್ತು ಅಲಂಕರಿಸುವುದು ಎಂದಾಗುತ್ತದೆ. ಮನೆಯಲ್ಲಿ ಫೋನು ಇರುವ ಮಗು ಎಲ್ಲವನ್ನೂ ತಾನೇ ಮಾಡಲು ಮುಂದಾಗುತ್ತದೆ. ಪ್ರತಿ ಅವಧಿಗೆ ಕ್ಯಾಮೆರಾ ಯಾರ ಕೈಯಲ್ಲಿರಬೇಕೆಂಬ ಪಟ್ಟಿಯನ್ನು ಮೊದಲೇ ಗೋಡೆಗೆ ಅಂಟಿಸಿ, ಅದನ್ನು ಬದಲಿಸಲು ಯಾರಿಗೂ ಅವಕಾಶ ಕೊಡಬೇಡಿ. ಇಡೀ ಕೆಲಸದಲ್ಲಿ ಶಿಕ್ಷಕರು ಬಿಗಿಯಾಗಿ ನಿಲ್ಲಬೇಕಾದ ಜಾಗ ಇದು.

ಯಾವ ಆ್ಯಪ್

ಟಿಕ್‌ಟಾಕ್, ವಿವಾವಿಡಿಯೊ ಸೇರಿದಂತೆ 59 ಆ್ಯಪ್‌ಗಳನ್ನು ಭಾರತ ಸರ್ಕಾರ 2020ರ ಜೂನ್‌ನಲ್ಲಿ ನಿಷೇಧಿಸಿತು. ಹೊರದೇಶಗಳ ಮಾರ್ಗದರ್ಶಿಗಳು ಹೆಚ್ಚಾಗಿ ಶಿಫಾರಸು ಮಾಡುವ ಕ್ಯಾಪ್‌ಕಟ್ ಕೂಡ ಇಲ್ಲಿನ ಪ್ಲೇ ಸ್ಟೋರ್‌ನಲ್ಲಿ ಸಿಗುವುದಿಲ್ಲ. ಅದನ್ನು ಬೇರೆ ಜಾಲತಾಣಗಳಿಂದ ಎಪಿಕೆ ಕಡತವಾಗಿ, ಅಂದರೆ ಪ್ಲೇ ಸ್ಟೋರ್ ಇಲ್ಲದೆಯೇ ಆ್ಯಪ್ ಹಾಕಿಕೊಳ್ಳುವ ಕಡತವಾಗಿ ಇಳಿಸಿಕೊಳ್ಳುವ ಕೆಲಸಕ್ಕೆ ಶಾಲೆ ಹೋಗಬಾರದು. ಕೈನ್‌ಮಾಸ್ಟರ್, ಇನ್‌ಶಾಟ್, ವಿಎನ್ ಈ ಮೂರರಲ್ಲಿ ಯಾವುದಾದರೂ ನಮ್ಮ ಕೆಲಸಕ್ಕೆ ಸಾಲುತ್ತದೆ. ಕೈನ್‌ಮಾಸ್ಟರ್‌ನಲ್ಲಿ ಒಂದರ ಮೇಲೊಂದು ಪದರಗಳನ್ನು ಇಡುವ ಅನುಕೂಲ ಹೆಚ್ಚು, ಆದರೆ ಉಚಿತ ಆವೃತ್ತಿಯ ಚಿತ್ರದ ಮೇಲೆ ಅದರ ಹೆಸರಿನ ಗುರುತು ಉಳಿಯುತ್ತದೆ. ಇನ್‌ಶಾಟ್ ಮೊದಲ ಸಲ ಕಲಿಯುವವರಿಗೆ ಸುಲಭ. ಬೊಂಬೆಗಳನ್ನು ಚಲಿಸುವಂತೆ ಮಾಡಲು ಸ್ಟಾಪ್ ಮೋಷನ್ ಸ್ಟುಡಿಯೊ ಎಂಬ ಆ್ಯಪ್‌ನ ಉಚಿತ ಆವೃತ್ತಿ ಸಾಕು. ಪ್ರೌಢಶಾಲೆಯಲ್ಲಿ ಉಬುಂಟು ಇರುವ ಕಂಪ್ಯೂಟರ್ ಕೊಠಡಿ ಇದ್ದರೆ ಓಪನ್‌ಶಾಟ್ ಅಥವಾ ಕೆಡೆನ್‌ಲೈವ್ ಹಾಕಿಕೊಳ್ಳಬಹುದು. ಇವು ಮುಕ್ತ ತಂತ್ರಾಂಶಗಳು, ಜಾಹೀರಾತು ಇಲ್ಲ, ಗುರುತೂ ಇಲ್ಲ, ಮತ್ತು ದೊಡ್ಡ ಪರದೆಯ ಮುಂದೆ ಐದು ಮಕ್ಕಳು ಒಟ್ಟಿಗೆ ಕೂರಬಹುದು.

ಬರೆದುಕೊಟ್ಟ ಸಾಲುಗಳಿಂದ ತಾನೇ ವಿಡಿಯೊ ಹುಟ್ಟಿಸುವ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳು ಈಗ ಬಹಳ ಬಂದಿವೆ. ಈ ಕೆಲಸಕ್ಕೆ ಅವು ಬೇಡವೆಂಬುದು ನನ್ನ ದೃಢವಾದ ಅಭಿಪ್ರಾಯ. "ಹಳ್ಳಿಯ ಕೆರೆ" ಎಂದು ಬರೆದರೆ ಅವು ಯಾವುದೋ ಸುಂದರ ಕೆರೆಯನ್ನು ಕೊಡುತ್ತವೆ. ಆದರೆ ತಮ್ಮೂರ ಕೆರೆಯ ಎದುರು ನಿಂತು ಎಲ್ಲಿಂದ ನೋಡಬೇಕೆಂದು ತೀರ್ಮಾನಿಸುವ ಅವಕಾಶವನ್ನು ಮಗುವಿನಿಂದ ಕಸಿದುಕೊಳ್ಳುತ್ತವೆ.

ಮೊದಲ ಅಭ್ಯಾಸ: ಮೂರೇ ಶಾಟ್

ಎಡಿಟಿಂಗ್ ಆ್ಯಪ್ ತೆರೆಯುವ ಮೊದಲು ಫೋನಿನಲ್ಲೇ ಇರುವ ಕ್ಯಾಮೆರಾದಿಂದ ಒಂದು ಸಣ್ಣ ಅಭ್ಯಾಸ ಮಾಡಿಸಿ. ಶಾಲೆಯ ನಲ್ಲಿ, ಬಿಸಿಯೂಟದ ತಟ್ಟೆ, ಗಂಟೆ ಇಂಥ ಯಾವುದಾದರೂ ಒಂದು ವಸ್ತುವನ್ನು ಮೂರು ಶಾಟ್‌ಗಳಲ್ಲಿ ತೋರಿಸಬೇಕು: ದೂರದಿಂದ ಒಂದು, ನಡುವಿನಿಂದ ಒಂದು, ತೀರಾ ಹತ್ತಿರದಿಂದ ಒಂದು. ಪ್ರತಿ ಶಾಟ್ ಐದು ಸೆಕೆಂಡು, ಫೋನು ಅಡ್ಡಲಾಗಿ, ಕೈ ಅಲುಗದಂತೆ. ಜೂಮ್ ಮಾಡುವಂತಿಲ್ಲ, ಹತ್ತಿರ ಬೇಕಾದರೆ ನಡೆದು ಹೋಗಬೇಕು. ಎಲ್ಲ ಗುಂಪುಗಳೂ ಅದೇ ನಲ್ಲಿಯನ್ನು ತೆಗೆಯಲಿ. ಆಮೇಲೆ ಒಟ್ಟಿಗೆ ನೋಡುವಾಗ ಒಂದು ಗುಂಪು ತೊಟ್ಟಿಕ್ಕುವ ಹನಿಯಿಂದ ಆರಂಭಿಸಿರುತ್ತದೆ, ಇನ್ನೊಂದು ಸಾಲಿನಲ್ಲಿ ನಿಂತ ಮಕ್ಕಳ ಕಾಲುಗಳಿಂದ. ವಸ್ತು ಒಂದೇ ಆದರೂ ಕಥೆ ಬೇರೆಯಾಯಿತೆಂಬುದನ್ನು ಮಕ್ಕಳೇ ಗಮನಿಸುತ್ತಾರೆ, ನೀವು ವಿವರಿಸಬೇಕಾಗಿಲ್ಲ.

ಚಿತ್ರಕಥೆಯ ಹಾಳೆ

ಒಂದು ಎ4 ಹಾಳೆಯನ್ನು ಮಡಚಿ ಎಂಟು ಚೌಕಗಳನ್ನು ಮಾಡಿಸಿ. ಪ್ರತಿ ಚೌಕದಲ್ಲಿ ಮೇಲೆ ಕಡ್ಡಿ ಗೆರೆಗಳ ಚಿತ್ರ, ಕೆಳಗೆ ಎರಡು ಸಾಲು: ಏನು ಕೇಳಿಸುತ್ತದೆ, ಎಷ್ಟು ಸೆಕೆಂಡು. ಎಲ್ಲ ಚೌಕಗಳ ಸೆಕೆಂಡುಗಳನ್ನು ಕೂಡಿದರೆ ಅರವತ್ತು ದಾಟಬಾರದು. ಈ ಮಿತಿಯ ಬಗ್ಗೆ ಮಕ್ಕಳು ಮೊದಲು ಗೊಣಗುತ್ತಾರೆ, ಐದು ನಿಮಿಷ ಕೊಡಿ ಎನ್ನುತ್ತಾರೆ. ಕೊಡಬೇಡಿ. ಅರವತ್ತು ಸೆಕೆಂಡುಗಳಲ್ಲಿ ಕೆರೆಯ ಬಗ್ಗೆ ಎಲ್ಲವನ್ನೂ ಹೇಳಲು ಸಾಧ್ಯವಿಲ್ಲವೆಂದು ತಿಳಿದ ಮೇಲೆ ಯಾವುದನ್ನು ಹೇಳಲೇಬೇಕು ಎಂಬ ಚರ್ಚೆ ಗುಂಪಿನಲ್ಲಿ ಹುಟ್ಟುತ್ತದೆ, ಮತ್ತು ನಾಲ್ಕು ವಾರಗಳ ಕೆಲಸದಲ್ಲಿ ಅತ್ಯಂತ ಹೆಚ್ಚು ಯೋಚನೆ ನಡೆಯುವುದು ಆ ಚರ್ಚೆಯಲ್ಲೇ.

ನಿರೂಪಣೆಯ ಮಾತನ್ನು ಬರೆದ ಮೇಲೆ ಗಡಿಯಾರ ಹಿಡಿದು ಗಟ್ಟಿಯಾಗಿ ಓದಿಸಿ. ಕಾಗದದ ಮೇಲೆ ಸಣ್ಣದಾಗಿ ಕಂಡದ್ದು ಬಾಯಲ್ಲಿ ಎರಡರಷ್ಟು ಸಮಯ ತೆಗೆದುಕೊಳ್ಳಬಹುದು. ಆಗ ಚಿತ್ರದಲ್ಲಿ ಕಾಣುವುದನ್ನೇ ಮತ್ತೆ ಹೇಳುವ ಸಾಲುಗಳನ್ನು ಮೊದಲು ತೆಗೆಯಬೇಕು. ಪರದೆಯ ಮೇಲೆ ತೂಬು ಕಾಣುತ್ತಿರುವಾಗ "ಇದು ತೂಬು" ಎನ್ನುವುದಕ್ಕಿಂತ ಅದನ್ನು ತೆಗೆಯುವವರ ಮಾತು ಕೇಳಿಸುವುದು ಮೇಲು. ಭಾಷೆಯ ವಿಷಯದಲ್ಲೂ ಒಂದು ಮಾತು ಹೇಳಬೇಕು: ಮನೆಯಲ್ಲಿ ಲಂಬಾಣಿ, ತುಳು, ಉರ್ದು, ತೆಲುಗು, ಕೊಡವ ಆಡುವ ಮಗು ತನ್ನ ಅಜ್ಜಿಯ ಜೊತೆ ಆ ಭಾಷೆಯಲ್ಲೇ ಮಾತನಾಡಲಿ, ಕೆಳಗೆ ಕನ್ನಡದಲ್ಲಿ ಬರಹ ಬರಲಿ. ಆ ಬರಹವನ್ನು ಮಗುವೇ ಅನುವಾದಿಸಿದರೆ ಕನ್ನಡದ ಅವಧಿಗೆ ಅದಕ್ಕಿಂತ ಒಳ್ಳೆಯ ಚಟುವಟಿಕೆ ಸಿಗಲಾರದು. ಊರಿನ ಆಡುನುಡಿಯನ್ನು ಗ್ರಂಥಭಾಷೆಗೆ ತಿದ್ದಲು ಹೋಗಬೇಡಿ.

ಹಿರಿಯರನ್ನು ಮಾತನಾಡಿಸುವ ಮೊದಲು ಮಕ್ಕಳು ಅವರ ಒಪ್ಪಿಗೆ ಕೇಳಬೇಕು, ಮತ್ತು ಹೌದು ಅಲ್ಲ ಎಂದು ಮುಗಿಯದಂಥ ಪ್ರಶ್ನೆಗಳನ್ನು ಇಟ್ಟುಕೊಂಡಿರಬೇಕು. "ಆಗ ಕೆರೆ ತುಂಬುತ್ತಿತ್ತಾ ತಾತ?" ಎಂದರೆ ಹೌದು ಎಂಬ ಉತ್ತರಕ್ಕೆ ಮಾತು ನಿಲ್ಲುತ್ತದೆ, "ಕೆರೆ ತುಂಬಿದ ವರ್ಷ ಊರಲ್ಲಿ ಏನೇನು ಮಾಡ್ತಿದ್ರಿ ತಾತ?" ಎಂದರೆ ಕಥೆ ಹೊರಡುತ್ತದೆ. ಇಬ್ಬರು ಹಿರಿಯರು ಎರಡು ಬಗೆಯಾಗಿ ಹೇಳಿದರೆ ಗಾಬರಿ ಬೇಡ. ಎರಡನ್ನೂ ಇಟ್ಟುಕೊಂಡು, ಯಾವುದು ಸರಿಯೆಂದು ತಿಳಿಯಲು ಇನ್ನೇನು ನೋಡಬೇಕು ಎಂದು ಮಕ್ಕಳನ್ನು ಕೇಳಿ.

ಬೆಳಕು ಮತ್ತು ಧ್ವನಿ

ಚಿತ್ರ ತುಸು ಅಲುಗಿದರೂ ನೋಡುವವರು ಸಹಿಸುತ್ತಾರೆ, ಮಾತು ಕೇಳದಿದ್ದರೆ ಸಹಿಸುವುದಿಲ್ಲ. ಹೊರಗೆ ಗಾಳಿಯ ಸದ್ದು, ತರಗತಿಯಲ್ಲಿ ಫ್ಯಾನಿನ ಸದ್ದು, ಮಳೆಗಾಲದಲ್ಲಿ ತಗಡಿನ ಮಾಡಿನ ಸದ್ದು ಎಲ್ಲವನ್ನೂ ಫೋನು ನಿಷ್ಪಕ್ಷಪಾತವಾಗಿ ಹಿಡಿಯುತ್ತದೆ. ಆದ್ದರಿಂದ ನಿರೂಪಣೆಯನ್ನು ಬೇರೆಯಾಗಿ ಮುದ್ರಿಸಿಕೊಳ್ಳುವುದು ವಾಸಿ. ಫ್ಯಾನು ಆರಿಸಿದ ಸಣ್ಣ ಕೋಣೆ, ಜಮಖಾನೆಗಳನ್ನೋ ಪುಸ್ತಕಗಳನ್ನೋ ಪೇರಿಸಿಟ್ಟ ಗ್ರಂಥಾಲಯದ ಮೂಲೆ ಇದಕ್ಕೆ ಸರಿಯಾದ ಜಾಗ, ಏಕೆಂದರೆ ಬಟ್ಟೆ ಮತ್ತು ಕಾಗದ ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತವೆ. ಫೋನನ್ನು ಬಾಯಿಂದ ಒಂದು ಗೇಣು ದೂರದಲ್ಲಿ, ತುಸು ಪಕ್ಕಕ್ಕೆ ಹಿಡಿದರೆ ಉಸಿರು ಅದಕ್ಕೆ ಬಡಿಯುವುದಿಲ್ಲ. ಇಷ್ಟಲ್ಲದೆ ಪ್ರತಿ ಗುಂಪೂ ಕೆರೆಯ ಬಳಿ ಯಾರೂ ಮಾತನಾಡದೆ ಅರ್ಧ ನಿಮಿಷದ ಧ್ವನಿಯನ್ನು ಹಿಡಿದು ತರಲಿ. ಹಕ್ಕಿ, ನೀರು, ದೂರದ ಪಂಪಿನ ಸದ್ದು ಅದರಲ್ಲಿರುತ್ತವೆ. ಎಡಿಟಿಂಗ್‌ನಲ್ಲಿ ಮಾತಿನ ಕೆಳಗೆ ಇದನ್ನು ಮೆಲ್ಲಗೆ ಇಟ್ಟರೆ ಸಿನಿಮಾ ಸಂಗೀತದ ಅಗತ್ಯವೇ ಬೀಳುವುದಿಲ್ಲ.

ಬೆಳಕಿನ ನಿಯಮ ಚಿಕ್ಕದು: ಬೆಳಕು ಕ್ಯಾಮೆರಾ ಹಿಡಿದವರ ಬೆನ್ನಿಗಾಗಲಿ ಪಕ್ಕಕ್ಕಾಗಲಿ ಇರಬೇಕು, ಕಿಟಕಿಗೆ ಬೆನ್ನು ಮಾಡಿ ನಿಂತವರ ಮುಖ ಕಪ್ಪಾಗುತ್ತದೆ. ನಡುಮಧ್ಯಾಹ್ನಕ್ಕಿಂತ ಬೆಳಗಿನ ಬೆಳಕು ಹಿತ. ಪರದೆಯ ಮೇಲೆ ಬೇಕಾದ ಜಾಗವನ್ನು ಒತ್ತಿ ಹಿಡಿದರೆ ಬಹಳ ಫೋನುಗಳಲ್ಲಿ ಫೋಕಸ್ ಮತ್ತು ಬೆಳಕಿನ ಪ್ರಮಾಣ ಅಲ್ಲೇ ನಿಲ್ಲುತ್ತದೆ. ಲೆನ್ಸನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಕೆಲಸ ಆರಂಭಿಸಬೇಕು.

ಕೆರೆಯ ಮಣ್ಣಿನಿಂದಲೇ ಬೊಂಬೆ

ಕ್ಯಾಮೆರಾಗೆ ಕಾಣದ್ದನ್ನು ತೋರಿಸಬೇಕಾದಾಗ ಸ್ಟಾಪ್ ಮೋಷನ್ ಬಹಳ ಉಪಯುಕ್ತ. ತೂಬಿನೊಳಗೆ ನೀರು ಹೇಗೆ ಹರಿಯುತ್ತದೆ, ಮೇಲಿನ ಕೆರೆ ತುಂಬಿದ ಮೇಲೆ ಕೋಡಿಯ ನೀರು ಕೆಳಗಿನ ಕೆರೆಗೆ ಹೇಗೆ ಇಳಿಯುತ್ತದೆ ಎಂಬುದನ್ನು ನಿಂತು ಚಿತ್ರೀಕರಿಸಲು ಆಗುವುದಿಲ್ಲ. ಕೋಲಾರ, ತುಮಕೂರಿನಂಥ ಕಡೆಗಳಲ್ಲಿ ಸರಪಳಿಯಾಗಿ ಹಬ್ಬಿರುವ ಕೆರೆಗಳಿಗೆ ಇಂಥ ನಕ್ಷೆ ತೀರಾ ಅಗತ್ಯ. ಕೆರೆಯಿಂದಲೇ ತಂದ ಜೇಡಿಮಣ್ಣಿನಲ್ಲಿ ಏರಿ, ತೂಬು, ಕೋಡಿಗಳನ್ನು ಒಂದು ಹಲಗೆಯ ಮೇಲೆ ಮಾಡಿ, ನೀರಿನ ಬದಲು ನೀಲಿ ಉಲ್ಲನ್ ದಾರವನ್ನೋ ಹರಿದ ಬಣ್ಣದ ಕಾಗದವನ್ನೋ ಬಳಸಬಹುದು. ರಂಗೋಲಿ ಪುಡಿ, ಹುಣಸೆ ಬೀಜ, ರಾಗಿ ಕಾಳು ಕೂಡ ಸೊಗಸಾಗಿ ಚಲಿಸುತ್ತವೆ.

ತತ್ವ ಸರಳವಾದದ್ದು. ವಸ್ತುವನ್ನು ಸ್ವಲ್ಪ ಸರಿಸಿ ಒಂದು ಫೋಟೊ, ಮತ್ತೆ ಸ್ವಲ್ಪ ಸರಿಸಿ ಇನ್ನೊಂದು ಫೋಟೊ. ಇವನ್ನು ಬೇಗಬೇಗನೆ ಒಂದರ ನಂತರ ಒಂದು ತೋರಿಸಿದರೆ ಕಣ್ಣಿಗೆ ಚಲನೆ ಕಾಣುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಹಾಯುತ್ತವೆ. ಸ್ಟಾಪ್ ಮೋಷನ್‌ನಲ್ಲಿ ಸೆಕೆಂಡಿಗೆ 12 ಫೋಟೊ ಇದ್ದರೆ ನಯವಾಗಿಯೇ ಕಾಣುತ್ತದೆ, ತರಗತಿಯ ಕೆಲಸಕ್ಕೆ 6 ಇದ್ದರೂ ನಡೆಯುತ್ತದೆ. ಹದಿನೈದು ಸೆಕೆಂಡಿಗೆ 6ರಂತೆ ಎಷ್ಟು ಫೋಟೊ ಬೇಕು, 12ರಂತೆ ಎಷ್ಟು ಬೇಕು ಎಂಬ ಲೆಕ್ಕವನ್ನು ಮಕ್ಕಳೇ ಮಾಡಿ, 90 ಸಾಕೋ 180 ಬೇಕೋ ಎಂದು ತೀರ್ಮಾನಿಸಲಿ.

ಫೋನು ಕೂದಲೆಳೆಯಷ್ಟೂ ಅಲುಗಬಾರದು ಎಂಬುದೇ ಇಲ್ಲಿನ ಕಷ್ಟ. ಎರಡು ಸ್ಟೂಲುಗಳ ನಡುವೆ ಮರದ ಅಳತೆಪಟ್ಟಿಗಳನ್ನು ಅಡ್ಡಲಾಗಿ ಇಟ್ಟು, ಕ್ಯಾಮೆರಾ ಕೆಳಗೆ ನೋಡುವಂತೆ ಅದರ ಮೇಲೆ ಫೋನು ಮಲಗಿಸಿ ಟೇಪಿನಿಂದ ಬಿಗಿದರೆ ನೆಲದ ಮೇಲಿನ ದೃಶ್ಯಗಳಿಗೆ ಒಳ್ಳೆಯ ಸ್ಟ್ಯಾಂಡ್ ಆಗುತ್ತದೆ. ಸ್ಟಾಪ್ ಮೋಷನ್ ಆ್ಯಪ್‌ನಲ್ಲಿ ಹಿಂದಿನ ಫೋಟೊ ಮಸುಕಾಗಿ ಕಾಣುವ ಸೌಲಭ್ಯವಿರುತ್ತದೆ. ಅದನ್ನು ಆನ್ ಮಾಡಿಟ್ಟರೆ ಎಷ್ಟು ಸರಿಸಿದೆವೆಂಬುದು ತಿಳಿಯುತ್ತದೆ. ಒಬ್ಬರು ಸರಿಸಬೇಕು, ಒಬ್ಬರು "ಕೈ ತೆಗಿ" ಎಂದು ಹೇಳಬೇಕು, ಒಬ್ಬರು ಒತ್ತಬೇಕು. ಕ್ಯಾಮೆರಾ ಮುಂದೆ ಬಾಯಿ ತೆರೆಯಲು ಅಂಜುವ ಮಕ್ಕಳು ಈ ಕೆಲಸದಲ್ಲಿ ಗಂಟೆಗಟ್ಟಲೆ ಮುಳುಗಿರುವುದನ್ನು ನೋಡುವುದು ಶಿಕ್ಷಕರಿಗೆ ದೊಡ್ಡ ಸಂತೋಷ.

ಕನ್ನಡ ಅಕ್ಷರಗಳು

ಕೆಲವು ಆ್ಯಪ್‌ಗಳಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು ಪಕ್ಕಕ್ಕೆ ಬಂದು ನಿಲ್ಲುತ್ತವೆ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ್ದನ್ನು ತಂದು ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ, ಏಕೆಂದರೆ ಅದು ಯುನಿಕೋಡ್ ಅಲ್ಲ. ಜಿಬೋರ್ಡ್‌ನಂಥ ಯುನಿಕೋಡ್ ಕೀಲಿಮಣೆಯಲ್ಲಿ ಆ್ಯಪ್‌ನೊಳಗೇ ಬರೆದು "ವಿಜ್ಞಾನ", "ಸ್ವಾತಂತ್ರ್ಯ", "ಲಕ್ಷ್ಮಿ" ಎಂಬ ಪದಗಳು ಸರಿಯಾಗಿ ಕಾಣುತ್ತವೆಯೇ ಎಂದು ಮೊದಲೇ ಪರೀಕ್ಷಿಸಿ. ಆದರೆ ನನಗೆ ಹೆಚ್ಚು ಇಷ್ಟವಾದ ದಾರಿ ಬೇರೆ: ಶೀರ್ಷಿಕೆ ಮತ್ತು ಹೆಸರುಗಳನ್ನು ಮಕ್ಕಳು ಕೈಯಿಂದಲೇ ಬರೆಯಲಿ. ಸ್ಲೇಟಿನ ಮೇಲೆ ಬಳಪದಿಂದ, ಒದ್ದೆ ಮರಳಿನ ಮೇಲೆ ಬೆರಳಿನಿಂದ, ಅಂಗಳದಲ್ಲಿ ರಂಗೋಲಿಯಿಂದ ಬರೆದು ಅದನ್ನೇ ಚಿತ್ರೀಕರಿಸಿದರೆ ಅಕ್ಷರವೂ ಒಡೆಯುವುದಿಲ್ಲ, ಆ ಶೀರ್ಷಿಕೆ ಇನ್ಯಾವ ಗುಂಪಿನದಕ್ಕೂ ಹೋಲುವುದಿಲ್ಲ.

ಎಡಿಟಿಂಗ್

ಆ್ಯಪ್ ತೆರೆದ ಕೂಡಲೇ ಮಕ್ಕಳ ಬೆರಳು ಎಫೆಕ್ಟ್‌ಗಳ ಕಡೆಗೆ ಹೋಗುತ್ತದೆ; ಹೊಳೆಯುವ ನಕ್ಷತ್ರ, ಗಿರಗಿರನೆ ತಿರುಗುವ ಪುಟ, ಬಣ್ಣ ಬದಲಿಸುವ ಫಿಲ್ಟರ್. ಕುತೂಹಲ ಸಹಜವಾದದ್ದು, ಅದಕ್ಕೆಂದು ಒಂದು ಅವಧಿಯ ಮೊದಲ ಹದಿನೈದು ನಿಮಿಷ ಬಿಟ್ಟುಕೊಡಿ, ಎಲ್ಲವನ್ನೂ ಒತ್ತಿ ನೋಡಲಿ. ಆಮೇಲೆ ಕೆಲಸಕ್ಕೆ ಕ್ರಮವಿರಲಿ. ಮೊದಲು ಎಲ್ಲ ಕ್ಲಿಪ್‌ಗಳನ್ನು ಟೈಮ್‌ಲೈನ್‌ನಲ್ಲಿ ಚಿತ್ರಕಥೆಯ ಸಾಲಿನಲ್ಲಿ ಜೋಡಿಸಿ ಒಮ್ಮೆ ನೋಡಬೇಕು. ನಂತರ ಪ್ರತಿ ಕ್ಲಿಪ್‌ನ ಮೊದಲ ಮತ್ತು ಕೊನೆಯ ಅಲುಗಾಟವನ್ನು ಕತ್ತರಿಸಬೇಕು. ನಂತರ ನಿರೂಪಣೆ, ಅದರ ಕೆಳಗೆ ಕೆರೆಯ ಧ್ವನಿ. ಇಷ್ಟಾದ ಮೇಲೆ ಧ್ವನಿಯನ್ನು ಪೂರ್ತಿ ಮುಚ್ಚಿ ಒಮ್ಮೆ ನೋಡಿ, ಪರದೆಯನ್ನು ಮುಚ್ಚಿ ಒಮ್ಮೆ ಕೇಳಲಿ. ಎಲ್ಲಿ ಕಥೆ ಕಡಿದುಹೋಗುತ್ತದೆಂದು ಆಗ ಗೊತ್ತಾಗುತ್ತದೆ. ಎಫೆಕ್ಟ್ ಬೇಕೆನಿಸಿದರೆ ಅದು ಯಾಕೆ ಬೇಕೆಂದು ಒಂದು ವಾಕ್ಯದಲ್ಲಿ ಗುಂಪಿನ ಉಳಿದವರಿಗೆ ಹೇಳಬೇಕು, ಅವರು ಒಪ್ಪಿದರೆ ಹಾಕಬಹುದು.

ಈ ಅವಧಿಗಳಲ್ಲಿ ಶಿಕ್ಷಕರು ಫೋನನ್ನು ಮುಟ್ಟದೆ ಇರುವುದು ಕಷ್ಟದ ಶಿಸ್ತು. ಮಗು ಎರಡು ಸೆಕೆಂಡು ಹೆಚ್ಚು ಬಿಟ್ಟಿರುವುದು ನಮಗೆ ಎದ್ದು ಕಾಣುತ್ತದೆ, ಒಂದು ಬೆರಳಿನಲ್ಲಿ ಸರಿಮಾಡಬಹುದು ಅನಿಸುತ್ತದೆ. ಆದರೆ ಹಾಗೆ ಸರಿಮಾಡಿದ ಕ್ಷಣದಿಂದ ಮಕ್ಕಳು ಪರದೆಯ ಬದಲು ನಮ್ಮ ಮುಖ ನೋಡಲು ಆರಂಭಿಸುತ್ತಾರೆ. "ಇಲ್ಲಿ ನೋಡುವವರಿಗೆ ಏನು ತಿಳಿಯಬೇಕು ಅಂತ ಅಂದ್ಕೊಂಡಿದ್ದೀರಿ?" ಎಂದು ಕೇಳಿ ಮುಂದಿನ ಗುಂಪಿಗೆ ನಡೆಯಿರಿ.

ಸಿನಿಮಾ ಹಾಡುಗಳ ಮಾತು ಇಲ್ಲೇ ಬರುತ್ತದೆ. ಬೋಧನೆಯ ಸಂದರ್ಭದಲ್ಲಿ ಶಿಕ್ಷಕರೂ ವಿದ್ಯಾರ್ಥಿಗಳೂ ಕೃತಿಗಳನ್ನು ಬಳಸುವುದಕ್ಕೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಕೆಲವು ವಿನಾಯಿತಿಗಳನ್ನು ಕೊಡುತ್ತದೆ, ಆದರೆ ಅದೇ ವಿಡಿಯೊವನ್ನು ಯೂಟ್ಯೂಬ್‌ಗೆ ಏರಿಸುವುದು ಬೇರೆ ವಿಷಯ. ಯೂಟ್ಯೂಬ್‌ನ ಆಡಿಯೊ ಲೈಬ್ರರಿಯಲ್ಲಿ ಉಚಿತ ಸಂಗೀತವಿದೆ, ವಿಕಿಮೀಡಿಯ ಕಾಮನ್ಸ್‌ನಲ್ಲಿ ಹೆಸರು ಹೇಳಿ ಬಳಸಬಹುದಾದ ಚಿತ್ರಗಳಿವೆ. ಅದಕ್ಕಿಂತ ಮುಂಚೆ ತರಗತಿಯಲ್ಲೇ ಹುಡುಕಿ: ತಮಟೆ ಬಾರಿಸುವ ಹುಡುಗ, ಸೋಬಾನೆ ಪದ ಬಲ್ಲ ಅಜ್ಜಿ, ಬೆಂಚಿನ ಮೇಲೆ ತಾಳ ಹಾಕುವ ಗುಂಪು ಇದ್ದೇ ಇರುತ್ತದೆ.

ಪ್ರದರ್ಶನ ಮತ್ತು ಮೌಲ್ಯಮಾಪನ

ಎಲ್ಲ ಚಿತ್ರಗಳನ್ನೂ ಮೊದಲು ತರಗತಿಯಲ್ಲಿ ಎರಡೆರಡು ಸಲ ನೋಡಬೇಕು. ಮೊದಲ ಸಲ ಯಾರೂ ಮಾತನಾಡುವಂತಿಲ್ಲ. ಎರಡನೆಯ ಸಲ ನೋಡಿದ ಮೇಲೆ ಬೇರೆ ಗುಂಪಿನವರು ತಮಗೆ ಹೊಸದಾಗಿ ತಿಳಿದದ್ದೊಂದು, ಅರ್ಥವಾಗದೆ ಉಳಿದದ್ದೊಂದು ಹೇಳಲಿ. ಚಿತ್ರ ಮಾಡಿದವರು ಸಮರ್ಥಿಸಿಕೊಳ್ಳದೆ ಬರೆದುಕೊಳ್ಳಲಿ, ತಿದ್ದಲು ಒಂದು ಅವಧಿ ಸಿಗಲಿ.

ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ಇದಕ್ಕೆ ಅಂಕ ಕೊಡುವುದಾದರೆ ಚಿತ್ರದ ಹೊಳಪಿಗೆ ಕೊಡಬೇಡಿ. ಒಳ್ಳೆಯ ಫೋನಿದ್ದ ಗುಂಪಿಗೆ ಅದು ತಾನೇ ಬಂದಿರುತ್ತದೆ. ಪ್ರಶ್ನೆ ಎಷ್ಟು ಚೆನ್ನಾಗಿತ್ತು, ಹೇಳಿದ ಸಂಗತಿಯನ್ನು ಯಾರಲ್ಲಿ ಅಥವಾ ಎಲ್ಲಿ ಪರಿಶೀಲಿಸಿದರು, ಚಿತ್ರಕಥೆಯಿಂದ ಕೊನೆಯ ರೂಪಕ್ಕೆ ಬರುವಷ್ಟರಲ್ಲಿ ಏನನ್ನು ಬದಲಿಸಿದರು ಮತ್ತು ಏಕೆ ಎಂಬುದನ್ನು ನೋಡಿ. ಕೊನೆಯ ಪ್ರಶ್ನೆಗೆ ಪ್ರತಿ ಮಗುವೂ ಬೇರೆಬೇರೆಯಾಗಿ ನಾಲ್ಕೈದು ಸಾಲು ಬರೆದು ಕೊಟ್ಟರೆ ಗುಂಪಿನಲ್ಲಿ ಯಾರು ಎಷ್ಟು ಯೋಚಿಸಿದರೆಂಬುದು ಸ್ಪಷ್ಟವಾಗುತ್ತದೆ.

ಊರವರಿಗೆ ತೋರಿಸಲು ಎಸ್‌ಡಿಎಂಸಿ ಸಭೆಯೋ ಶಾಲಾ ವಾರ್ಷಿಕೋತ್ಸವವೋ ಒಳ್ಳೆಯ ಸಂದರ್ಭ, ಮತ್ತು ಮಾತನಾಡಿಕೊಟ್ಟ ಹಿರಿಯರನ್ನು ಮಕ್ಕಳೇ ಹೋಗಿ ಕರೆಯಬೇಕು. ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವಾಗ ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಗುಣಮಟ್ಟ ಕುಗ್ಗುವುದಿಲ್ಲ. ಯೂಟ್ಯೂಬ್‌ಗೆ ಹಾಕಲೇಬೇಕೆಂದರೆ ಒಪ್ಪಿಗೆ ಚೀಟಿಯಲ್ಲಿ ಅದನ್ನು ಮೊದಲೇ ಬರೆದಿರಬೇಕು. ಕೊಂಡಿ ಇದ್ದವರಿಗೆ ಮಾತ್ರ ಕಾಣುವ ಅನ್‌ಲಿಸ್ಟೆಡ್ ಆಯ್ಕೆಯನ್ನೇ ಬಳಸಿ, ಮಕ್ಕಳ ಪೂರ್ಣ ಹೆಸರು ಹಾಕಬೇಡಿ, ಸಮವಸ್ತ್ರದ ಮೇಲಿನ ಗುರುತಿನ ಚೀಟಿ ಕಾಣುತ್ತದೆಯೇ ಎಂದು ನೋಡಿಕೊಳ್ಳಿ. ಪ್ರದರ್ಶನ ಮುಗಿದ ಮೇಲೆ ಪೂರ್ಣಗೊಂಡ ಚಿತ್ರಗಳ ಒಂದು ಪ್ರತಿಯನ್ನು ಶಾಲೆಯ ಪೆನ್‌ಡ್ರೈವ್‌ಗೆ ಹಾಕಿ, ಫೋನುಗಳಲ್ಲಿ ಉಳಿದ ಕ್ಲಿಪ್‌ಗಳನ್ನು ಆಯಾ ಗುಂಪಿನ ಮಕ್ಕಳ ಎದುರಿನಲ್ಲೇ ಅಳಿಸಿ. ಮಡಚಿದ ಚಿತ್ರಕಥೆಯ ಹಾಳೆಗಳನ್ನು ಮಾತ್ರ ಎಸೆಯದೆ ಮಕ್ಕಳ ಕೃತಿ ಸಂಪುಟದಲ್ಲಿ ಸೇರಿಸಿಡಿ. ಮುಂದಿನ ವರ್ಷದ ತರಗತಿಗೆ ಮೊದಲ ದಿನ ತೋರಿಸಲು ಅವೇ ಬೇಕಾಗುತ್ತವೆ.